ಇಲ್ಲಿ ಸೈನ್ ಹಾಕಿ

(ಒಂದು ಭಾನುವಾರ ಬೆಳಿಗ್ಗೆ ನಮ್ಮೂರಿನ ಓದುಗರ ಬಳಗದಲ್ಲಿ ಆಡಿದ ಮಾತು ಇದು. ಗೆಳೆಯರೊಬ್ಬರು ರೆಕಾರ್ಡ್ ಮಾಡಿ ಟೈಪ್ ಮಾಡಿಸಿ ಕೊಟ್ಟರು. ಕೆಮ್ಮು, ಮೈಕಿನ ಗಲಾಟೆ ತೆಗೆದಿದ್ದೇನೆ. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಪರೀಕ್ಷೆ. ನಿಮ್ಮಲ್ಲಿ ಎಷ್ಟು ಜನ ಆಸ್ಪತ್ರೆಯಲ್ಲಿ ಯಾವುದಾದರೂ ಕಾಗದಕ್ಕೆ ಸೈನ್ ಹಾಕಿದ್ದೀರಿ? ಕೈ ಎತ್ತಿ. ಸರಿ, ಹೆಚ್ಚುಕಡಿಮೆ ಎಲ್ಲರೂ. ಈಗ, ಸೈನ್ ಹಾಕುವ ಮೊದಲು ಅದನ್ನು ಪೂರ್ತಿ ಓದಿದವರು? ಇಬ್ಬರು. ಅದರಲ್ಲಿ ಒಬ್ಬರು ವಕೀಲರು, ನನಗೆ ಗೊತ್ತು.

ಬಯೋಎಥಿಕ್ಸ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಕನ್ನಡದಲ್ಲಿ ಜೈವಿಕ ನೀತಿಶಾಸ್ತ್ರ ಅಂತಾರೆ. ಚಿಕಿತ್ಸೆಯಲ್ಲಿ, ವೈದ್ಯಕೀಯ ಸಂಶೋಧನೆಯಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಕೇಳುವ ಶಾಸ್ತ್ರ. ಹೆಸರು ಕೇಳಿದರೆ ಏನೋ ದೊಡ್ಡ ತತ್ವಜ್ಞಾನ ಅನಿಸುತ್ತದೆ. ನಾನು ತತ್ವಜ್ಞಾನಿ ಅಲ್ಲ. ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ, ಪಾಠ ಮಾಡಿದವನು. ನೌಕರಿಯ ಕೊನೆಯ 14 ವರ್ಷ ಕಾಲೇಜಿನ ಎಥಿಕ್ಸ್ ಕಮಿಟಿಯ, ಅಂದರೆ ಮನುಷ್ಯರ ಮೇಲಿನ ಸಂಶೋಧನೆ ನಡೆಸಬಹುದಾ ಅಂತ ನೋಡುವ ಸಮಿತಿಯ, ಮೆಂಬರ್ ಸೆಕ್ರೆಟರಿ ಆಗಿದ್ದೆ. ಮೆಂಬರ್ ಸೆಕ್ರೆಟರಿ ಅಂದರೆ ಫೈಲು ಹೊರುವವನು ಅಂತ ಅರ್ಥ. ಆ ಫೈಲುಗಳನ್ನು ಹೊತ್ತು ಹೊತ್ತು ನನಗೆ ಅನಿಸಿದ್ದು ಇಷ್ಟು: ಈ ಶಾಸ್ತ್ರದ ಎಲ್ಲ ತಕರಾರೂ ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಆ ಕಾಗದದ ಮೇಲೆ ಸೈನ್ ಯಾರದ್ದು? ನಮ್ಮ ದೇಶದಲ್ಲಿ ಈ ವಿಷಯ ಬೆಳೆದ ಕತೆಯನ್ನು ಸೈನ್‌ಗಳ ಕತೆಯಾಗಿಯೇ ಹೇಳಬಹುದು. ಹಾಗೇ ಹೇಳುತ್ತೇನೆ.

ಪಠ್ಯಪುಸ್ತಕದ ಕತೆ ಬೇರೆ. ಅದನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡೋಣ. ನಾಜಿ ವೈದ್ಯರ ವಿಚಾರಣೆ ಮುಗಿದು 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು, ಪ್ರಯೋಗಕ್ಕೆ ಒಳಗಾಗುವವರ ಒಪ್ಪಿಗೆ ಬೇಕೇ ಬೇಕು ಅಂತ. 1964ರಲ್ಲಿ ಹೆಲ್ಸಿಂಕಿ ಘೋಷಣೆ, ವೈದ್ಯರೇ ತಮ್ಮ ಸಂಶೋಧನೆಗೆ ಹಾಕಿಕೊಂಡ ನೀತಿ. ಅಮೆರಿಕದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ನೂರಾರು ಕಪ್ಪು ಜನರನ್ನು 1932ರಿಂದ 40 ವರ್ಷ ಸುಮ್ಮನೆ ನೋಡುತ್ತ ಕೂತಿದ್ದರು. ಅದನ್ನು ವಾಸಿಮಾಡುವ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅದು 1972ರಲ್ಲಿ ಬಯಲಾಯಿತು. 1979ರಲ್ಲಿ ಅಲ್ಲಿ ಸಂಶೋಧನೆಯ ನೀತಿ ಹೇಳುವ ಬೆಲ್ಮಾಂಟ್ ವರದಿ ಬಂತು. ಬಯೋಎಥಿಕ್ಸ್ ಅನ್ನುವ ಪದವನ್ನು 1970ರ ಸುಮಾರಿಗೆ ಅಲ್ಲಿ ಓಡಾಟಕ್ಕೆ ಬಿಟ್ಟವರು ವಾನ್ ರೆನ್ಸೆಲರ್ ಪಾಟರ್ ಎಂಬ ಕ್ಯಾನ್ಸರ್ ಸಂಶೋಧಕ. ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಇದನ್ನೆಲ್ಲ ಬಾಯಿಪಾಠ ಮಾಡುತ್ತಾರೆ, ಐದು ಮಾರ್ಕಿಗೆ. ತಪ್ಪೇನಿಲ್ಲ. ಆದರೆ ಅಲಬಾಮಾದ ಟಸ್ಕೀಗಿ ಗೊತ್ತಿರುವ ಹುಡುಗನಿಗೆ ನಮ್ಮದೇ ದೆಹಲಿಯಲ್ಲಿ ಏನಾಯಿತು ಅಂತ ಗೊತ್ತಿರುವುದಿಲ್ಲ.

ನಮ್ಮ ಕತೆಯನ್ನು ನಾನು ತುರ್ತು ಪರಿಸ್ಥಿತಿಯಿಂದ ಶುರು ಮಾಡುತ್ತೇನೆ. 1976. ನಾನಾಗ ಹೈಸ್ಕೂಲು. ನಮ್ಮ ಮೇಷ್ಟ್ರೊಬ್ಬರು ಸಾಯಂಕಾಲ ಸೈಕಲ್ ಹತ್ತಿ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಕೇಸ್ ಹುಡುಕೋಕೆ. ಕೇಸ್ ಅಂದರೆ ಆಪರೇಷನ್ ಮಾಡಿಸಿಕೊಳ್ಳುವ ಗಂಡಸು. ಇಷ್ಟು ಕೇಸ್ ತರಬೇಕು ಅಂತ ಟಾರ್ಗೆಟ್ ಇತ್ತು. ತರದಿದ್ದರೆ ಸಂಬಳಕ್ಕೆ ಕುತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಆಪರೇಷನ್ ಆದವು. ಅಷ್ಟೂ ಜನರನ್ನು ಎಳೆದುಕೊಂಡು ಹೋದರು ಅಂತ ನಾನು ಹೇಳುತ್ತಿಲ್ಲ. ಆದರೆ ಅಷ್ಟೂ ಕೇಸ್‌ಗಳ ಕಾಗದದ ಮೇಲೆ ಸೈನೋ ಹೆಬ್ಬೆಟ್ಟೋ ಇತ್ತು. ಆ ಹೆಬ್ಬೆಟ್ಟಿನ ಹಿಂದೆ ಅಮಲ್ದಾರರು, ಪೊಲೀಸರು, ರೇಷನ್ ಕಾರ್ಡು ಎಲ್ಲ ನಿಂತಿದ್ದವು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಕೊಂಡಿ ಇದೆ. ಅದೇ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಶ್ನೆ ಇತ್ತು. ತುರ್ತು ಪರಿಸ್ಥಿತಿಯಲ್ಲಿ ಬಂಧಿಸಿದವರು ತಮ್ಮ ಜೀವ, ಸ್ವಾತಂತ್ರ್ಯಕ್ಕಾಗಿ ಕೋರ್ಟಿಗೆ ಬರಬಹುದಾ ಅಂತ. ನಾಲ್ವರು ನ್ಯಾಯಮೂರ್ತಿಗಳು ಇಲ್ಲ ಅಂದರು. ಒಬ್ಬರೇ ಒಬ್ಬರು ಬರಬಹುದು ಅಂದರು. ಎಚ್.ಆರ್. ಖನ್ನಾ. ಮರುವರ್ಷ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. ರಾಜೀನಾಮೆ ಕೊಟ್ಟರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ರೂಪಿಸಲು ಸಮಿತಿ ಮಾಡಿದಾಗ ಅಧ್ಯಕ್ಷರಾದವರು ಇದೇ ಖನ್ನಾ. 1980ರಲ್ಲಿ ಆ ನೀತಿ ಪ್ರಕಟವಾಯಿತು. ಒಪ್ಪಿಗೆ ಪಡೆಯಬೇಕು, ಪ್ರತಿ ಸಂಸ್ಥೆಯಲ್ಲೂ ಎಥಿಕ್ಸ್ ಕಮಿಟಿ ಇರಬೇಕು ಎಂದೆಲ್ಲ ಅದರಲ್ಲಿತ್ತು. ಈ ದೇಶದಲ್ಲಿ ಈ ಶಾಸ್ತ್ರಕ್ಕೆ ಬಿದ್ದ ಮೊದಲ ಸರ್ಕಾರಿ ಕಲ್ಲು ಅದು.

ಕಲ್ಲು ಬಿತ್ತು, ಗೋಡೆ ಏಳಲಿಲ್ಲ. ಕಾನೂನಿನ ಬಲ ಇರಲಿಲ್ಲ. ಬಹಳ ಕಾಲೇಜುಗಳಲ್ಲಿ ಕಮಿಟಿಯೇ ಇರಲಿಲ್ಲ. ಇದ್ದ ಕಡೆ ಪ್ರಿನ್ಸಿಪಾಲರೇ ಅಧ್ಯಕ್ಷರು, ಅವರ ಕೈಕೆಳಗಿನವರೇ ಸದಸ್ಯರು. ಎಲ್ಲಕ್ಕಿಂತ ದೊಡ್ಡ ವ್ಯಂಗ್ಯ ಐಸಿಎಂಆರ್ ಮನೆಯೊಳಗೇ ನಡೆಯುತ್ತಿತ್ತು. ದೆಹಲಿಯಲ್ಲಿ ಅದರದ್ದೇ ಒಂದು ಸಂಸ್ಥೆ 1976ರಿಂದ 1988ರವರೆಗೆ ಒಂದು ಅಧ್ಯಯನ ಮಾಡಿತು. ಗರ್ಭಕೊರಳಿನಲ್ಲಿ ಕ್ಯಾನ್ಸರ್‌ಗೆ ಮೊದಲಿನ ಬದಲಾವಣೆಗಳಿದ್ದ ಸಾವಿರಕ್ಕೂ ಹೆಚ್ಚು ಹೆಂಗಸರು. ಯಾರಲ್ಲಿ ಅದು ಮುಂದುವರಿಯುತ್ತದೆ, ಯಾರಲ್ಲಿ ತಾನೇ ಹೋಗುತ್ತದೆ ಅಂತ ನೋಡುವುದು ಉದ್ದೇಶ. ನೋಡುವುದಕ್ಕಾಗಿ ಚಿಕಿತ್ಸೆ ಕೊಡದೆ ಬಿಟ್ಟಿದ್ದರು. ಕೆಲವರಲ್ಲಿ ಕ್ಯಾನ್ಸರ್ ಆಗಿಯೇ ಹೋಯಿತು. ಇದು ಸುದ್ದಿಯಾಗಿದ್ದು 1997ರಲ್ಲಿ. ಲಿಖಿತ ಒಪ್ಪಿಗೆ ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದೆವು ಅನ್ನುವುದು ಸಂಶೋಧಕರ ಉತ್ತರ. 1980ರಲ್ಲಿ ಒಪ್ಪಿಗೆ ಪಡೆಯಿರಿ ಅಂತ ಊರಿಗೆಲ್ಲ ಹೇಳಿದ ಮನೆಯೇ ಇನ್ನೂ ಎಂಟು ವರ್ಷ ಈ ಅಧ್ಯಯನ ಮುಂದುವರಿಸಿತ್ತು, ಅಲ್ವಾ?

ಸುದ್ದಿಯಾದ ಮೂರು ವರ್ಷಕ್ಕೆ, 2000ದಲ್ಲಿ, ಐಸಿಎಂಆರ್‌ನ ಹೊಸ ಮಾರ್ಗಸೂಚಿ ಬಂತು. ಆ ಸಮಿತಿಗೂ ನಿವೃತ್ತ ನ್ಯಾಯಮೂರ್ತಿಯೇ ಅಧ್ಯಕ್ಷರು, ನಮ್ಮ ಎಂ.ಎನ್. ವೆಂಕಟಾಚಲಯ್ಯನವರು. ಆಮೇಲೆ 2006, 2017ರಲ್ಲಿ ಪರಿಷ್ಕರಣೆ ಆಯಿತು. ಗಮನಿಸಿ, ವೈದ್ಯರಿಗೆ ನೀತಿ ಹೇಳಲು ಎರಡು ಸಲವೂ ನ್ಯಾಯಾಧೀಶರನ್ನೇ ಕರೆದದ್ದು. ಅಮೆರಿಕದಲ್ಲಿ ಈ ಶಾಸ್ತ್ರಕ್ಕೆ ಧರ್ಮಶಾಸ್ತ್ರದವರು, ತತ್ವಶಾಸ್ತ್ರದವರು ಬಂದರು. ನಮ್ಮಲ್ಲಿ ಅದು ಕೋರ್ಟಿನ ಮೆಟ್ಟಿಲಲ್ಲಿ ಬೆಳೆಯಿತು. ನಮ್ಮ ವಿಶ್ವವಿದ್ಯಾಲಯಗಳ ತತ್ವಶಾಸ್ತ್ರ ವಿಭಾಗಗಳು ಆ ಹೊತ್ತಿಗೆ ಆಸ್ಪತ್ರೆಯ ಕಡೆ ತಲೆ ಹಾಕಿದ್ದು ಬಹಳ ಕಡಿಮೆ. ಇದನ್ನು ನಾನು ಬೇಜಾರಿನಿಂದಲೇ ಹೇಳುತ್ತೇನೆ.

ಹಾಗಾದರೆ ಇದನ್ನು ಒಂದು ವಿಷಯವಾಗಿ, ಓದುವ ಕಲಿಸುವ ಶಾಸ್ತ್ರವಾಗಿ ಕಟ್ಟಿದವರು ಯಾರು? ಉತ್ತರ ಸ್ವಲ್ಪ ತಮಾಷೆಯಾಗಿದೆ. ಚುನಾವಣೆಯಲ್ಲಿ ಸೋತವರು. 1992ರಲ್ಲಿ ಮುಂಬಯಿಯ ಕೆಲವು ವೈದ್ಯರು ಗುಂಪು ಕಟ್ಟಿಕೊಂಡು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ಚುನಾವಣೆಗೆ ನಿಂತರು. ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ಪಡೆಯುವ ಕಮಿಷನ್ ನಿಲ್ಲಿಸಬೇಕು, ತಪ್ಪು ಮಾಡಿದ ವೈದ್ಯರ ಮೇಲೆ ಕ್ರಮ ತೆಗೆದುಕೊಳ್ಳಬೇಕು, ಇಂಥವು ಅವರ ಮಾತು. ಸೋತರು. ಸೋತವರು ಮನೆಗೆ ಹೋಗಲಿಲ್ಲ. 1993ರಲ್ಲಿ ಒಂದು ಸಣ್ಣ ಪತ್ರಿಕೆ ಶುರು ಮಾಡಿದರು. ಕೆಇಎಂ ಆಸ್ಪತ್ರೆಯ ನರಶಸ್ತ್ರಚಿಕಿತ್ಸಕ ಡಾ. ಸುನಿಲ್ ಪಂಡ್ಯ ಅದರ ಮೊದಲ ಸಂಪಾದಕರು. ಆಮೇಲೆ ಡಾ. ಅಮರ್ ಜೇಸಾನಿ ಮೊದಲಾದವರು ಅದನ್ನು ಮುನ್ನಡೆಸಿದರು. ಅದೇ ಇವತ್ತಿನ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್. ಕೆಇಎಂ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಅಲ್ಲಿಗೇ ಹೋಗಬೇಕು.

ಆ ಪತ್ರಿಕೆಯ ಹಳೆ ಸಂಚಿಕೆಗಳನ್ನು ಓದಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಕ್ಲೋನಿಂಗ್ ಸರಿಯಾ ತಪ್ಪಾ ಎಂಬಂಥ ದೂರದ ಚರ್ಚೆಗಳಿಗಿಂತ ಕಮಿಷನ್, ಕ್ಯಾಪಿಟೇಷನ್ ಶುಲ್ಕ, ಸರ್ಕಾರಿ ಆಸ್ಪತ್ರೆಯಲ್ಲಿ ಬೆಡ್ ಸಿಗದಿರುವುದು, ಔಷಧ ಕಂಪನಿಯ ಉಡುಗೊರೆ, ಇವೇ ಜಾಸ್ತಿ. ನನ್ನ ಪ್ರಕಾರ ಭಾರತದ ಬಯೋಎಥಿಕ್ಸ್‌ಗೆ ಸ್ವಂತ ಮುಖ ಬಂದದ್ದೇ ಅಲ್ಲಿ. ಅದು ದುಡ್ಡಿನಿಂದ, ಬಡತನದಿಂದ ಶುರುವಾಗುತ್ತದೆ.

ನಮ್ಮ ಕರ್ನಾಟಕದ ಪಾಲೂ ಚಿಕ್ಕದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು 1963ರಲ್ಲಿ ಶುರುವಾದದ್ದು. ಬೇರೆ ಕಡೆ ಯಾರೂ ಯೋಚಿಸದಿದ್ದಾಗ ಅಲ್ಲಿ ವೈದ್ಯಕೀಯ ನೀತಿಯನ್ನು ಪಾಠವಾಗಿ ಹೇಳುತ್ತಿದ್ದರು. ಅಲ್ಲಿ ಡೀನ್ ಆಗಿದ್ದ ಡಾ. ಸಿ.ಎಂ. ಫ್ರಾನ್ಸಿಸ್ ಈ ವಿಷಯಕ್ಕೆ ಪಠ್ಯವನ್ನೂ ಬರೆದರು. 1999ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದನ್ನು ಎಂಬಿಬಿಎಸ್ ಪಠ್ಯಕ್ರಮಕ್ಕೆ ತಂತು. ದೇಶದ ಮಟ್ಟದಲ್ಲಿ ನಡತೆ, ನೀತಿ, ಮಾತುಕತೆಯ ಕಡ್ಡಾಯ ಪಾಠ ಬಂದದ್ದು 2019ರಲ್ಲಿ, 20 ವರ್ಷ ತಡವಾಗಿ. ರಾಷ್ಟ್ರೀಯ ಬಯೋಎಥಿಕ್ಸ್ ಸಮ್ಮೇಳನ 2005ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಎರಡನೆಯದೇ, 2007ರದ್ದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. 2018ರ ಡಿಸೆಂಬರ್‌ನಲ್ಲಿ ವಿಶ್ವ ಸಮ್ಮೇಳನವೇ ಬೆಂಗಳೂರಿಗೆ ಬಂತು. ಐಸಿಎಂಆರ್‌ನ ಬಯೋಎಥಿಕ್ಸ್ ಘಟಕ ಇರುವುದೂ ಬೆಂಗಳೂರಿನಲ್ಲೇ. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರ, ಡಿಪ್ಲೊಮಾ ಇವೆ. ಇಷ್ಟೆಲ್ಲ ಇದ್ದೂ ಕನ್ನಡದಲ್ಲಿ ಈ ವಿಷಯದ ಮೇಲೆ ಓದಲು ಸಿಗುವುದು ಬೆರಳೆಣಿಕೆ. ಅದಕ್ಕೇ ನೀವು ಕರೆದಾಗ ಬರಲ್ಲ ಅನ್ನಲಿಲ್ಲ.

ಮತ್ತೆ ಸೈನ್ ವಿಷಯಕ್ಕೆ ಬರೋಣ. ಕಿಡ್ನಿ.

80ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂತು. ನಮ್ಮ ವಿಭಾಗದ ಪಾಠ ಅದು. ಹೊರಗಿನ ಅಂಗವನ್ನು ಮೈ ತಿರಸ್ಕರಿಸದ ಹಾಗೆ ಅದು ತಡೆಯುತ್ತದೆ. ಅದು ಬಂದ ಮೇಲೆ ಕಿಡ್ನಿ ಕೊಡುವವರು ರಕ್ತಸಂಬಂಧಿಯೇ ಆಗಬೇಕೆಂದಿರಲಿಲ್ಲ. ಅಲ್ಲಿಂದ ಕಿಡ್ನಿಗೆ ಬೆಲೆ ಬಂತು. ಬೆಂಗಳೂರು, ಚೆನ್ನೈ, ಮುಂಬಯಿ ಮೂರೂ ಕುಖ್ಯಾತವಾದವು. ಸಾಲಗಾರರು, ಮಗ್ಗದವರು, ಕೂಲಿಯವರು ಮಾರಿದರು. 1994ರಲ್ಲಿ ಸಂಸತ್ತು ಕಾನೂನು ತಂದು ಮಾರಾಟ ನಿಷೇಧಿಸಿತು. ಮಿದುಳು ಸತ್ತರೆ ಸಾವೇ ಅಂತ ಒಪ್ಪಿದ್ದೂ ಅದೇ ಕಾನೂನು. ಆದರೆ ಅದರಲ್ಲಿ ಒಂದು ಸಣ್ಣ ಬಾಗಿಲು ಉಳಿಯಿತು. ಹತ್ತಿರದ ಸಂಬಂಧಿ ಅಲ್ಲದವರೂ ಪ್ರೀತಿ, ಮಮತೆಯಿಂದ ಕೊಡಬಹುದು, ಒಂದು ಸಮಿತಿ ಒಪ್ಪಿದರೆ ಸಾಕು ಅಂತ.

ಪ್ರೀತಿ! ಕಾನೂನಿನಲ್ಲಿ ಪ್ರೀತಿಗೆ ಅಫಿಡವಿಟ್ಟು. ನನ್ನ ಸ್ನೇಹಿತರೊಬ್ಬರು ಅಂಥ ಸಮಿತಿಯಲ್ಲಿ ಸ್ವಲ್ಪ ಕಾಲ ಕೂತಿದ್ದರು. ಎದುರಿಗೆ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತ ಮನುಷ್ಯ. "ಯಾಕಪ್ಪಾ ಕಿಡ್ನಿ ಕೊಡ್ತಿದ್ದೀಯ?" "ಪ್ರೀತಿ ಸ್ವಾಮಿ." "ಯಜಮಾನ್ರ ಹೆಸರೇನು?" ಅವನು ಹಿಂದೆ ತಿರುಗಿ ನೋಡುತ್ತಾನೆ. ಸೈನ್ ಅವನದ್ದೇ. ಸಾಕ್ಷಿಗಳೂ ಇದ್ದಾರೆ. ಕಾಗದದಲ್ಲಿ ಒಂದು ತಪ್ಪಿಲ್ಲ. ಸ್ನೇಹಿತರು ಆ ದಿನ ಬೇಡ ಅಂದರು. ಎಷ್ಟು ಸಲ ಬೇಡ ಅನ್ನಲಾಗಲಿಲ್ಲ ಅನ್ನುವುದನ್ನೂ ಅವರೇ ಹೇಳಿದರು.

ಮನೆಯೊಳಗಿನ ಪ್ರೀತಿಯ ಲೆಕ್ಕವೂ ಸಲೀಸಲ್ಲ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಬಹುಪಾಲು. ಪಡೆಯುವವರಲ್ಲಿ ಗಂಡಸರು. ತಾಯಿ, ಹೆಂಡತಿ, ಅಕ್ಕ. ಎಲ್ಲರೂ ಮನಸಾರೆ ಸೈನ್ ಹಾಕಿರುತ್ತಾರೆ. ಹಾಕದೆ ಇರುವ ಅವಕಾಶ ಅವರಿಗೆ ನಿಜವಾಗಿ ಇತ್ತಾ?

ಇದೇ ಪ್ರಶ್ನೆ ಕೋರ್ಟಿಗೆ ಬಂದದ್ದು ಸಮೀರಾ ಕೊಹ್ಲಿ ಪ್ರಕರಣದಲ್ಲಿ. ಈ ತೀರ್ಪನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. 1995, ದೆಹಲಿ. 44 ವರ್ಷದ ಅವಿವಾಹಿತ ಮಹಿಳೆ. ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ಪರೀಕ್ಷೆ ಮಾಡಲು ಒಪ್ಪಿದ್ದರು, ಬೇಕಾದರೆ ಶಸ್ತ್ರಚಿಕಿತ್ಸೆ ಅಂತ ಫಾರಂನಲ್ಲಿ ಇತ್ತು. ಅವರು ಪ್ರಜ್ಞೆ ತಪ್ಪಿ ಮಲಗಿದ್ದಾಗ ವೈದ್ಯರ ಸಹಾಯಕರು ಹೊರಗೆ ಬಂದು ಕೂತಿದ್ದ ತಾಯಿಯ ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಎಚ್ಚರವಾದ ಮೇಲೆ ಆಕೆ ಕೇಳಿದ್ದು, ನನ್ನನ್ನು ಯಾಕೆ ಕೇಳಲಿಲ್ಲ? 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರ ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದವಳು, ಬುದ್ಧಿ ಸರಿಯಿರುವವಳು, ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಎಚ್ಚರವಾಗುವ ತನಕ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಪರಿಹಾರ 25 ಸಾವಿರ ರೂಪಾಯಿ. ಜೊತೆಗೆ ವೈದ್ಯರಿಗೆ ಫೀಸಿಲ್ಲ.

ಇದಿಷ್ಟೇ ಆಗಿದ್ದರೆ ಸುಲಭ. ಅದೇ ತೀರ್ಪು ಇನ್ನೊಂದು ಮಾತು ಹೇಳಿತು. ಅಮೆರಿಕದಲ್ಲಿ ರೋಗಿಗೆ ಎಷ್ಟು ವಿವರ ಕೊಡಬೇಕೋ ಅಷ್ಟನ್ನೂ ಇಲ್ಲಿ ಕಡ್ಡಾಯ ಮಾಡಲಾಗದು. ನಮ್ಮ ಜನ ಹೆಚ್ಚಿನವರು ಬಡವರು, ವೈದ್ಯರನ್ನು ನಂಬಿ ಬರುವವರು, ವೈದ್ಯರಿಗೆ ಸಿಗುವ ಸಮಯ ಕಡಿಮೆ. ಹಾಗಾಗಿ ಜವಾಬ್ದಾರಿಯುತ ವೈದ್ಯರು ಸಾಮಾನ್ಯವಾಗಿ ಎಷ್ಟು ಹೇಳುತ್ತಾರೋ ಅಷ್ಟು ಹೇಳಿದರೆ ಸಾಕು ಎಂಬ ಅರ್ಥ ಬರುವ ಹಾಗೆ. ಭಾರತಕ್ಕೆ ತಕ್ಕ ಬಯೋಎಥಿಕ್ಸ್ ಅಂದರೆ ಏನು ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದೇ ತೀರ್ಪಿನಲ್ಲಿ ಎರಡು ದನಿ. ನಿನ್ನ ಮೈಗೆ ನೀನೇ ಒಡತಿ ಅನ್ನುತ್ತದೆ. ಆದರೆ ನಿನಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ ಅಂತಲೂ ಅನ್ನುತ್ತದೆ. ಎರಡನೇ ಮಾತನ್ನು ನಾನು ಒಪ್ಪುವುದಿಲ್ಲ. ಬಡವರಿಗೆ ಅರ್ಥವಾಗಲ್ಲ ಅನ್ನುವುದು ವೈದ್ಯರ ಅನುಕೂಲಕ್ಕೆ ಹುಟ್ಟಿದ ಮಾತು. ಹಾಲಿನ ಡೈರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ಫು ಲೆಕ್ಕ ಹಾಕುವ ನಮ್ಮ ಹಳ್ಳಿ ಹೆಂಗಸಿಗೆ ಆಪರೇಷನ್ನಿನ ಅಪಾಯ ಅರ್ಥವಾಗಲ್ಲವಾ? ಹೇಳಿದರೆ ತಾನೇ?

ಇನ್ನೂ ಒಂದು ಸೋಜಿಗ. 1971ರ ಗರ್ಭಪಾತ ಕಾನೂನಿನಲ್ಲಿ ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಗಂಡನ ಸೈನ್ ಬೇಕಿಲ್ಲ. 50 ವರ್ಷ ಕಳೆದರೂ ಬಹಳ ಕಡೆ ಮೊದಲು ಕೇಳುವುದು "ಯಜಮಾನ್ರು ಬಂದಿದಾರಾ?" ಅಂತಲೇ. ಕುಟುಂಬ ನಮ್ಮ ಸಂಸ್ಕೃತಿ, ವ್ಯಕ್ತಿಯ ಸ್ವಾತಂತ್ರ್ಯ ಪಶ್ಚಿಮದ ಸರಕು ಅಂತ ಭಾಷಣ ಮಾಡುವವರು ಇದ್ದಾರೆ. ಆ ಕುಟುಂಬದಲ್ಲಿ ಪೆನ್ನು ಯಾರ ಕೈಯಲ್ಲಿರುತ್ತದೆ ಅಂತ ಅವರು ಹೇಳುವುದಿಲ್ಲ.

ಆದರೆ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಡಾಕ್ಟರ ಕೋಣೆಗೆ ಹೋಗಿ "ಅವರಿಗೆ ಹೇಳಬೇಡಿ" ಅಂದವನು ನಾನೇ. ಆಗ ಕಮಿಟಿಯಲ್ಲಿದ್ದೆ. ವಾರಕ್ಕೊಮ್ಮೆ ಒಪ್ಪಿಗೆಯ ಬಗ್ಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದೆ. ಕಾಗದಕ್ಕೆಲ್ಲ ನಾನೇ ಸೈನ್ ಹಾಕಿದೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಮ್ಮ ಸುಮ್ನೆ ಹೇಳಿದರು. "ನಂಗೆ ಅವತ್ತೇ ಗೊತ್ತಾಯ್ತು ಕಣೋ. ಸೈನ್ ಹಾಕುವಾಗ ನಿನ್ನ ಕೈ ನಡುಗ್ತಿತ್ತು." ಎರಡು ತಿಂಗಳು ಅವರೂ ನನಗೆ ಹೇಳಿರಲಿಲ್ಲ. ರೋಗಿಯ ಸ್ವಾತಂತ್ರ್ಯ, ಒಳಿತು, ಕೇಡು ಮಾಡದಿರುವುದು, ನ್ಯಾಯ ಅಂತ ನಾವು ಪಾಠ ಮಾಡುವ ನಾಲ್ಕು ತತ್ವಗಳ ಪುಸ್ತಕದಲ್ಲಿ ಇದಕ್ಕೆ ಜಾಗ ಎಲ್ಲಿದೆ ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ಈಗ ಖಮ್ಮಂಗೆ ಹೋಗೋಣ. 2009. ಆಗಿನ ಆಂಧ್ರದ ಖಮ್ಮಂ ಜಿಲ್ಲೆ, ಗುಜರಾತಿನ ವಡೋದರ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಮೆರಿಕದ ಪಾತ್ ಸಂಸ್ಥೆ ಐಸಿಎಂಆರ್ ಜೊತೆ ಸೇರಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಕೊಟ್ಟಿತು. ಏಳು ಹುಡುಗಿಯರ ಸಾವು ಸುದ್ದಿಯಾಯಿತು. 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದರು. ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಆ ಸಾವುಗಳಿಗೂ ಲಸಿಕೆಗೂ ನಂಟು ಸಿಗಲಿಲ್ಲ. ಒಂದು ಸಾವು ನೀರಿನಲ್ಲಿ ಮುಳುಗಿ ಆದದ್ದು. ಲಸಿಕೆ ಒಳ್ಳೆಯದೇ, ನನ್ನ ಮೊಮ್ಮಗಳಿಗೆ ಹಾಕಿಸಿ ಅಂತ ನಾನೇ ಹೇಳಿದ್ದೇನೆ. ತಪ್ಪು ಇದ್ದದ್ದು ಕಾಗದದಲ್ಲಿ. 2013ರಲ್ಲಿ ಸಂಸದೀಯ ಸಮಿತಿ ವರದಿ ಕೊಟ್ಟಿತು. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು. 2,763ರಲ್ಲಿ ಹಾಸ್ಟೆಲ್ ವಾರ್ಡನ್ನರ ಸೈನ್. ಬುಡಕಟ್ಟು ಹುಡುಗಿಯರ ವಸತಿ ಶಾಲೆಗಳು ಅವು. ಅಪ್ಪ ಅಮ್ಮ ದೂರದ ಊರಿನಲ್ಲಿ. ವಾರ್ಡನ್ ಒಂದೇ ಕೂತಿನಲ್ಲಿ ಹಾಜರಿ ಪುಸ್ತಕಕ್ಕೆ ಹಾಕಿದ ಹಾಗೆ ಹಾಕಿಬಿಟ್ಟರು. ನನ್ನ ಕಣ್ಣ ಮುಂದೆ 1976ರ ಮೇಷ್ಟ್ರ ಸೈಕಲ್ ಬಂತು.

ಅದೇ ಹೊತ್ತಿಗೆ ಇಂದೋರ್‌ನಲ್ಲಿ ರೋಗಿಗಳಿಗೆ ಸರಿಯಾಗಿ ತಿಳಿಸದೆ ಔಷಧ ಪ್ರಯೋಗ ಮಾಡಿದರು ಎಂಬ ಗದ್ದಲ ಎದ್ದಿತ್ತು. ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ನಿಯಮಗಳು ಒಂದರ ಹಿಂದೆ ಒಂದು ಬಂದವು. ಎಥಿಕ್ಸ್ ಕಮಿಟಿಗಳು ನೋಂದಣಿ ಆಗಬೇಕು. ತೊಂದರೆಯಾದರೆ ಪರಿಹಾರ. ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕು. ಸೈನ್ ಮೇಲೆ ನಂಬಿಕೆ ಹೋಗಿ ಕ್ಯಾಮೆರಾ ಬಂತು ಅನ್ನಿ. ಎರಡು ವರ್ಷದಲ್ಲಿ ವಿಡಿಯೊ ನಿಯಮವನ್ನು ಸಡಿಲ ಮಾಡಿದರು. 2019ರಲ್ಲಿ ಎಲ್ಲವನ್ನೂ ಸೇರಿಸಿ ಹೊಸ ನಿಯಮ ಮಾಡಿದರು. ಅದರ ಪ್ರಕಾರ ಕಮಿಟಿಯಲ್ಲಿ ಕನಿಷ್ಠ ಏಳು ಜನ. ಕನಿಷ್ಠ ಅರ್ಧ ಜನ ಆ ಸಂಸ್ಥೆಯವರಲ್ಲದವರು. ಒಬ್ಬರು ಕಾನೂನು ತಿಳಿದವರು, ಒಬ್ಬ ಮಹಿಳೆ, ಒಬ್ಬರು ಸಾಮಾನ್ಯ ಜನರ ಪೈಕಿ.

ಈ ಸಾಮಾನ್ಯರ ಪೈಕಿ ಅನ್ನುವ ಸೀಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ತಡೆಯಬೇಡಿ. ನಮ್ಮಲ್ಲಿ ಆ ಸೀಟಿಗೆ ಒಬ್ಬ ನಿವೃತ್ತ ಕನ್ನಡ ಟೀಚರ್ ಬಂದರು. ಮೊದಲ ಮೂರು ಮೀಟಿಂಗ್ ಮಾತೇ ಆಡಲಿಲ್ಲ. ಬಿಸ್ಕತ್ತು ತಿಂದು ಸೈನ್ ಹಾಕಿ ಹೋಗುತ್ತಾರೆ ಅಂದುಕೊಂಡಿದ್ದೆವು. ನಾಲ್ಕನೆಯದರಲ್ಲಿ ಒಂದು ಔಷಧ ಪ್ರಯೋಗದ ಕನ್ನಡ ಒಪ್ಪಿಗೆ ಪತ್ರ ಬಂತು, 16 ಪುಟ. "ತಮ್ಮನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ನಿಯೋಜಿಸಲಾಗುವುದು" ಅಂತ ಇತ್ತು. ಮೇಡಂ ಕನ್ನಡಕ ತೆಗೆದು ಕೇಳಿದರು. "ಸರ್, ನಾನು 34 ವರ್ಷ ಕನ್ನಡ ಕಲಿಸಿದ್ದೀನಿ. ನನಗೇ ಇದು ಅರ್ಥ ಆಗಲಿಲ್ಲ."

ಯಾರಿಗೆ ಯಾವ ಔಷಧ ಅಂತ ವೈದ್ಯರು ಆರಿಸುವುದಿಲ್ಲ, ಅದೃಷ್ಟಕ್ಕೆ ಬಿಡುತ್ತಾರೆ ಅಂತ ವಿವರಿಸಿದೆ. "ಹಾಗಾದರೆ ಚೀಟಿ ಎತ್ತೋದು ಅಂತ ಬರೀರಿ" ಅಂದರು. ಬರೆದೆವು. ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಸರಿಯಿದೆಯಾ ನೋಡುವ ಪದ್ಧತಿ ಇದೆ. ಬೇರೆ ಅನುವಾದಕರು ತಿರುಗಿಸಿದರು. ಕಂಪನಿಯಿಂದ ಗಾಬರಿಯ ಮೇಲ್ ಬಂತು. ರೋಗಿಗಳಿಗೆ ಚಿಟ್ ಫಂಡ್ ಯಾಕೆ ಅಂತ! ನಮ್ಮ ಕಡೆ ಚೀಟಿ ಎತ್ತೋದು ಅಂದರೆ ಅದೂ ಹೌದಲ್ಲ. ಕೊನೆಗೆ ಮೇಡಮ್ಮೇ ಪರಿಹಾರ ಕೊಟ್ಟರು. "ಕ್ರಿಕೆಟ್ಟಿನಲ್ಲಿ ಟಾಸ್ ಹಾಕಿದ ಹಾಗೆ ಅಂತ ಹಾಕಿ." ಎಲ್ಲರಿಗೂ ಅರ್ಥವಾಯಿತು.

ಇನ್ನೊಂದು ದಿನ ಅವರು ಕೇಳಿದ ಪ್ರಶ್ನೆಗೆ ಇಡೀ ಕಮಿಟಿ ಬಾಯಿ ಮುಚ್ಚಿಕೊಂಡಿತು. ಫಾರಂನ ಕೊನೆಯ ಪುಟ ತಿರುಗಿಸಿ ತೋರಿಸಿದರು. "ಒಪ್ಪಿದ್ದೇನೆ ಅನ್ನೋಕೆ ಇಲ್ಲಿ ಜಾಗ ಇದೆ. ಒಪ್ಪಲ್ಲ ಅನ್ನೋರು ಎಲ್ಲಿ ಸೈನ್ ಹಾಕಬೇಕು?" ಬೇಡ ಅನ್ನುವವರು ಸೈನ್ ಹಾಕಬೇಕಿಲ್ಲ, ಎದ್ದು ಹೋಗಬಹುದು ಅಂತ ನಾನು ಹೇಳಿದೆ. "ದೊಡ್ಡಾಸ್ಪತ್ರೆಗೆ ಬಂದ ಬಡವರು ಡಾಕ್ಟ್ರ ಮುಂದಿಂದ ಎದ್ದು ಹೋಗ್ತಾರಾ ಸರ್?" ಅಂದರು. ನಾನು ಓದಿದ ಎಷ್ಟೋ ಪ್ರಬಂಧಗಳು ಆ ಒಂದು ಪ್ರಶ್ನೆಯ ಹತ್ತಿರ ಬರಲಿಲ್ಲ. ಮುಂದಿನ ತಿಂಗಳಿಂದ ನಮ್ಮ ಫಾರಂಗಳಲ್ಲಿ ಎರಡು ಚೌಕ ಬಂದವು. ಬೇಡ ಅಂತ ಗುರುತು ಹಾಕಿದರೂ ಇದೇ ಚಿಕಿತ್ಸೆ ಸಿಗುತ್ತದೆ ಅಂತ ದಪ್ಪಕ್ಷರದಲ್ಲಿ ಬರೆಸಿದೆವು. ಗುರುತು ಹಾಕಿದವರು ಕೆಲವರು ಇದ್ದರು. ಸಂಶೋಧಕರಿಗೆ ಸಿಟ್ಟು ಬಂತು. ಬರಲಿ.

ಹೊತ್ತಾಯಿತು, ಅರುಣಾ ಶಾನಭಾಗ ಅವರ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದ ಹುಡುಗಿ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅಲ್ಲಿನ ಸ್ವೀಪರ್ ಒಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ನಿಂತಿತು. ಪ್ರಾಣ ಉಳಿಯಿತು, ಉಳಿದದ್ದು ಅಷ್ಟೇ. ಪತ್ರಕರ್ತೆ ಪಿಂಕಿ ವಿರಾನಿ ಆಕೆಗೆ ಬಲವಂತದ ಆಹಾರ ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ತೀರ್ಪು. ಅಲ್ಲಿ ಮುಖ್ಯ ಪ್ರಶ್ನೆ ಏನಾಗಿತ್ತು ಗೊತ್ತಾ? ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರಿಗೆ? ಅಂದರೆ ಸೈನ್ ಯಾರದ್ದು? ಕೋರ್ಟ್ ಹೇಳಿತು, ವಿರಾನಿಯವರದ್ದಲ್ಲ. 37 ವರ್ಷ ಹಾಸಿಗೆಯಲ್ಲಿದ್ದ ಆಕೆಯನ್ನು ಸ್ನಾನ ಮಾಡಿಸಿ, ಊಟ ಮಾಡಿಸಿ ನೋಡಿಕೊಂಡ ಕೆಇಎಂ ನರ್ಸ್‌ಗಳು, ಸಿಬ್ಬಂದಿಯೇ ಆಕೆಯ ಆಪ್ತರು. ಅವರು ಬೇಡ ಅಂದರು. ಹಾಗಾಗಿ ಅರುಣಾ ಉಳಿದರು, 2015ರ ಮೇ 18ರವರೆಗೆ. ರಕ್ತವಲ್ಲ, ಕಾನೂನಲ್ಲ, ಆರೈಕೆಯೇ ಸೈನ್ ಹಾಕುವ ಹಕ್ಕು ಕೊಡುತ್ತದೆ ಅಂತ ಒಂದು ಕೋರ್ಟ್ ಹೇಳಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ತೀರ್ಪಿನ ಫಲ ಸರಿಯಾ ಅನ್ನುವುದು ಬೇರೆ ಮಾತು. ಅದರಲ್ಲಿ ನನ್ನ ಮನಸ್ಸು ಇವತ್ತಿಗೂ ಎರಡಾಗಿದೆ.

ಅದೇ ತೀರ್ಪು ಚಿಕಿತ್ಸೆ ಹಿಂತೆಗೆದುಕೊಳ್ಳುವ ದಾರಿಯನ್ನು ಮೊದಲ ಸಲ ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್ ಒಪ್ಪಿತು.

(ಇಲ್ಲಿ ಮಾತು ಮುಗಿಸಿದ್ದೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಅಜ್ಜಿ, ಅದನ್ನು ಮಾಡಿಸೋದು ಹೇಗೆ ಅಂತ ಕೇಳಿದರು.)

ಒಳ್ಳೆ ಪ್ರಶ್ನೆ ಅಮ್ಮಾ. ಮೊದಲೇ ಹೇಳಿಬಿಡುತ್ತೇನೆ, ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ವಾಸಿಯಾಗುವ ಆಸೆ ಇಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್ ಮುಂತಾದವು ಬೇಡ ಅಂತ ಈಗಲೇ ಬರೆದಿಡುವುದು. 2018ರಲ್ಲಿ ಮ್ಯಾಜಿಸ್ಟ್ರೇಟರ ಸೈನ್ ಬೇಕಿತ್ತು. ಯಾರು ಅಲೆಯುತ್ತಾರೆ? 2023ರಲ್ಲಿ ಕೋರ್ಟೇ ಅದನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸೈನ್ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಆ ಸಮಯ ಬಂದಾಗ ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿಗಳು ನೋಡುತ್ತವೆ, ತಲಾ ಮೂವರು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಡೆಯ ಒಬ್ಬರು ಇರುತ್ತಾರೆ. 2025ರ ಜನವರಿ 30ರಂದು ನಮ್ಮ ರಾಜ್ಯ ಸರ್ಕಾರ ಇದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿದೆ. ಮುಖ್ಯವಾಗಿ, ನಿಮಗೆ ಮಾತು ಬರದಿದ್ದಾಗ ನಿಮ್ಮ ಪರವಾಗಿ ಯಾರು ನಿರ್ಧಾರ ಹೇಳಬೇಕು ಅಂತ ಹೆಸರು ಬರೆಯಬೇಕು.

(ನೀವು ಮಾಡಿಸಿದ್ದೀರಾ ಸರ್, ಅಂತ ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು.)

ಅರ್ಧ ಮಾಡಿಸಿದ್ದೇನೆ. ಫಾರಂ ಟೈಪ್ ಮಾಡಿಸಿ ಎಂಟು ತಿಂಗಳಾಯಿತು. ನನ್ನ ಸೈನ್ ಇದೆ. ಪಕ್ಕದ ಮನೆಯವರೂ ನನ್ನ ಹಳೇ ಸಹೋದ್ಯೋಗಿಯೂ ಸಾಕ್ಷಿ ಆಗ್ತೀವಿ ಅಂದಿದ್ದಾರೆ. ನನ್ನ ಪರವಾಗಿ ಹೇಳುವವರ ಜಾಗದಲ್ಲಿ ಮಗಳ ಹೆಸರು ಬರೆದಿದ್ದೆ. ಅವಳು ಅದನ್ನು ಓದಿ, "ಅಪ್ಪಾ, ಹಬ್ಬ ಮುಗೀಲಿ, ಆಮೇಲೆ ನೋಡೋಣ" ಅಂದಳು. ಆಮೇಲೆ ಎರಡು ಹಬ್ಬ ಆಗಿವೆ. ಕಾಗದ ಡ್ರಾಯರಿನಲ್ಲಿದೆ.